ತೌಡು ಕೊಟ್ಟು ಕೊಂಡ ಹೆಸರು

ಬೆಳಗಿನ ಐದು ಗಂಟೆ ಐವತ್ತೆರಡು ನಿಮಿಷ. ತೌಡವ್ವ ಮಗಳ ಕೌದಿಯೊಳಗೆ ಕೈ ಹಾಕಿ, ಕೂಸಿನ ಕಂಕುಳಲ್ಲಿ ಥರ್ಮಾಮೀಟರ್ ಒತ್ತಿ ಹಿಡಿದು, ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಎಣಿಸುವ ಅಗತ್ಯವೇನೂ ಇರಲಿಲ್ಲ, ಹೊತ್ತಾದಾಗ ಅದು ತಾನಾಗಿಯೇ ಕೂಗುತ್ತದೆ. ಆದರೆ ಹದಿನಾರು ವರ್ಷ ಕುಬಿಹಾಳದಲ್ಲಿ ಆಶಾ ಕಾರ್ಯಕರ್ತೆಯಾಗಿ ಮನೆಮನೆಯ ಕೂಸು ನೋಡಿದವಳ ರೂಢಿ ಅದು. ಎಣಿಕೆ ಬಿಟ್ಟರೆ ಹೆದರಿಕೆ ಬಂದು ಕೂರುತ್ತದೆ.

ತೊಂಬತ್ತೇಳು ಪಾಯಿಂಟ್ ಎಂಟು.

ಕಂದೀಲಿನಷ್ಟೇ ಬೆಳಕಿದ್ದ ಬಲ್ಬಿನ ಕೆಳಗೆ ಹೋಗಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕೂಸಿಗೆ ಇಂದು ಹದಿಮೂರನೇ ದಿನ. ನಿನ್ನೆ ಸಂಜೆಯ ತೂಕ ಒಂದು ಕಿಲೋ ಎಂಟುನೂರಾ ಹತ್ತು ಗ್ರಾಂ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರು ಹೇಳಿದ್ದು ಎರಡೇ ಮಾತು: ತಾಯಿಯ ಎದೆಯಿಂದ ಕೂಸನ್ನು ತೆಗೆಯಬಾರದು, ಮೈ ಬಿಸಿ ತೊಂಬತ್ತೇಳಕ್ಕಿಂತ ಇಳಿಯಬಾರದು. ಇಳಿದರೆ ಹೇಗಿದ್ದರೆ ಹಾಗೆ ಎತ್ತಿಕೊಂಡು ಬರಬೇಕು.

ಮಗಳು ಅಮೃತಾ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡಿದ್ದಳು. ಟೊಪ್ಪಿಗೆ, ಕಾಲುಚೀಲ ಹಾಕಿದ ಕೂಸು ಅವಳ ಬರಿಯ ಎದೆಗೆ ಕಪ್ಪೆಮರಿಯಂತೆ ಅಂಟಿಕೊಂಡಿತ್ತು. ಹಳೇ ಇಳಕಲ್ಲ ಸೀರೆಯ ತುಂಡಿನಿಂದ ತೌಡವ್ವನೇ ಎರಡು ಸುತ್ತು ಬಿಗಿದು ಕಟ್ಟಿದ್ದಳು.

ಪಡಸಾಲೆಯಲ್ಲಿ ಬೀಗತಿ ನೀಲಕ್ಕ ಮೊರ, ಕಸಬರಿಗೆ, ಗೋದಿ ತೌಡಿನ ಡಬ್ಬಿ ಮುಂದಿಟ್ಟುಕೊಂಡು ಕುಳಿತಿದ್ದಳು. ಮಿಶ್ರಿಕೋಟಿಯಲ್ಲಿ ಒಂಬತ್ತು ಎಮ್ಮೆ ಕಟ್ಟಿ ಹಾಲು ಹಾಕುವ ಹೆಂಗಸು. ಸಂತೆಯಲ್ಲಿ ಎಮ್ಮೆ ಹಿಡಿದರೆ ಹಲ್ಲು ನೋಡದೆಯೇ ಪ್ರಾಯ ಹೇಳುತ್ತಾಳೆ ಎಂದು ಹೆಸರು. ನಿನ್ನೆ ಮೊದಲ ಬಸ್ಸಿಗೇ ಬಂದಿದ್ದಳು.

"ಬೀಗತೇರ, ಹೊತ್ತ ಏರಾಕತ್ತೈತ್ರಿ," ಅಂದಳು. "ತಿಪ್ಪಿ ಮ್ಯಾಲೆ ಬಿಸಲ ಬಿತ್ತಂದ್ರ ಮುಗೀತು. ಮಾಡಿದ್ದೂ ಒಂದ, ಬಿಟ್ಟದ್ದೂ ಒಂದ."

"ಹತ್ತ ಮಿನಿಟ ತಡೀರಿ."

"ಹ್ವಾದ ವರ್ಷನೂ ತಡೀರಿ ಅಂದ್ರಿ."

ತೌಡವ್ವ ಥರ್ಮಾಮೀಟರ್ ಒರೆಸಿ ಅದರ ಕವರಿಗೆ ಹಾಕಿದಳು.

ಹುಟ್ಟಿದ ಕೂಸು ಉಳಿಯದ ಮನೆಯಲ್ಲಿ ಈ ಕಡೆಯ ಕೆಲವರು ಮಾಡುವ ಕೆಲಸ ಅದು. ಕೂಸನ್ನು ಮೊರದಲ್ಲಿಟ್ಟು ತಿಪ್ಪೆಯ ಮೇಲೆ ಬಿಟ್ಟು, ಮನೆಯವರು ಬೆನ್ನು ತಿರುಗಿಸಿ ಬಂದುಬಿಡುತ್ತಾರೆ. ಹಿಂದಿರುಗಿ ನೋಡುವ ಹಾಗಿಲ್ಲ. ಬೇರೆ ಮನೆತನದ ಹೆಂಗಸೊಬ್ಬಳು ಕಸ ಗುಡಿಸುವ ನೆವದಲ್ಲಿ ಹೋಗಿ, ಕೂಸನ್ನು ಎತ್ತಿಕೊಂಡು ಅದೇ ಮನೆಯ ಬಾಗಿಲಿಗೆ ಬಂದು, ತಿಪ್ಪೆಯಲ್ಲಿ ಸಿಕ್ಕಿತು, ಬೇಕೇನು ಎಂದು ಕೇಳುತ್ತಾಳೆ. ಮನೆಯವರು ಒಂದು ಬೊಗಸೆ ತೌಡು ಕೊಟ್ಟು ಕೊಳ್ಳುತ್ತಾರೆ. ಬೊಗಸೆಗಿಂತ ಹೆಚ್ಚು ಕೊಡಬಾರದು. ಕೂಸನ್ನು ಒಯ್ಯಲು ಹೊಂಚುವ ಸಾವು ಈ ಬೆಲೆ ಕೇಳಿ, ಇದು ತಿಪ್ಪೆಯ ಮಾಲು, ಇದರ ಗೊಡವೆ ನನಗೇಕೆ ಎಂದು ಮುಂದಿನ ಓಣಿಗೆ ಹೋಗಲಿ ಎಂಬುದು ಲೆಕ್ಕ. ಹೆಸರಿಡುವ ಹಕ್ಕು ಎತ್ತಿಕೊಂಡು ಬಂದವಳದು. ಆ ಹೆಸರೂ ಬೆಲೆಗೆ ತಕ್ಕಂತೆಯೇ ಇರಬೇಕು.

ನಲವತ್ತೊಂಬತ್ತು ವರ್ಷದ ಹಿಂದೆ, ಮೂರು ಕೂಸು ಕಳೆದುಕೊಂಡಿದ್ದ ಗುಡದಪ್ಪ, ಸಾವಂತ್ರೆವ್ವ ದಂಪತಿಯ ನಾಲ್ಕನೆಯ ಕೂಸನ್ನು ಹೀಗೇ ತಿಪ್ಪೆಯಿಂದ ಎತ್ತಿ ತಂದವಳು ಬಾಜೂ ಮನೆಯ ಕಾಸೀಮಸಾಬನ ಹೆಂಡತಿ. ಬಾಗಿಲಲ್ಲಿ ನಿಂತು ಅವಳು ಬೆಲೆ ಕೇಳಿದಾಗ ಗುಡದಪ್ಪ ಬೊಗಸೆ ತುಂಬಿ ಕೊಡುವ ಬದಲು ಡಬ್ಬಿಗೆ ಡಬ್ಬಿಯನ್ನೇ ಅವಳ ಉಡಿಗೆ ಸುರುವಿಬಿಟ್ಟ. ನೆರೆದವರು ದಂಗಾದರು. "ಲೇ ಗುಡದ್ಯಾ, ಕೂಸಿನ ಮ್ಯಾಲೆ ಎಷ್ಟ ಜೀವ ಐತಂತ ನೀನ ಹೋಗಿ ಹೇಳಿದಂಗಾತಲ್ಲೋ," ಎಂದು ಒಬ್ಬ ಹಿರಿಯ ಹಣೆ ಚಚ್ಚಿಕೊಂಡ. ಯಾರೋ ಅಳೆದೂ ನೋಡಿದರು: ಎರಡೂವರೆ ಸೇರು. ಕೂಸಿಗೆ ಎರಡು ವರ್ಷ ತುಂಬುವ ತನಕ ಗುಡದಪ್ಪ ಒಂದು ದಿನವೂ ನೆಟ್ಟಗೆ ನಿದ್ದೆ ಮಾಡಲಿಲ್ಲವಂತೆ. ಕೂಸು ಉಳಿಯಿತು. ತೌಡವ್ವ ಎಂಬ ಹೆಸರೂ ಉಳಿಯಿತು.

ಉಳಿದ ಹೆಸರನ್ನು ಹೊತ್ತು ತಿರುಗುವುದು ಬೇರೆಯದೇ ಕೆಲಸ. ಶಾಲೆಯಲ್ಲಿ ಹುಡುಗರು ಕಿಸೆಯಲ್ಲಿ ತೌಡು ತಂದು ಅವಳ ಮುಂದೆ ಚೆಲ್ಲಿ, ಕೋಳಿಯನ್ನು ಕರೆಯುವಂತೆ ಬಾ ಬಾ ಅನ್ನುತ್ತಿದ್ದರು. ತನಿಖೆಗೆ ಬಂದ ಸಾಹೇಬರು ಹಾಜರಿ ಓದುತ್ತ ಅವಳ ಹೆಸರಿಗೆ ನಿಂತು, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿ ನಕ್ಕಿದ್ದರು. ಮದುವೆಯಲ್ಲಿ ಬೀಗರು ಹೆಸರು ಬದಲಿಸಲು ಒಪ್ಪಿದರು. ತಟ್ಟೆಯಲ್ಲಿ ಅಕ್ಕಿ ಹರವಿ, ಅದೇ ಊರಿನ ಮದುಮಗ ಮಡಿವಾಳೆಪ್ಪ ಉಂಗುರದಿಂದ ಮಹಾನಂದಾ ಎಂದು ಬರೆದ. ತೌಡವ್ವ ಆ ಅಕ್ಷರಗಳನ್ನು ಕಣ್ಣು ತುಂಬ ನೋಡಿದಳೋ ಇಲ್ಲವೋ, ತಾಯಿ ಸಾವಂತ್ರೆವ್ವ ಮುಂದೆ ಬಂದು ಅಂಗೈಯಿಂದ ಅಕ್ಕಿ ಸವರಿಬಿಟ್ಟಳು. "ಬ್ಯಾಡ್ರಿ. ಕೊಟ್ಟ ಹೆಸರ ಹಿಂದಕ್ಕ ತಗೊಂಡ್ರ ಅಂದು ಒಯ್ಯಾಕ ಬಂದಾಕಿ ಹಿಂದಕ್ಕ ಬರತಾಳ," ಅಂದಳು. ಹೆಸರು ಬದಲಾಗಲಿಲ್ಲ.

ಹಾಗಾಗಿಯೇ ತೌಡವ್ವ ಒಂದು ನಿರ್ಧಾರ ಮಾಡಿದ್ದಳು: ತನ್ನ ಮನೆಯ ಯಾವ ಕೂಸಿಗೂ ಇಂಥ ಹೆಸರು ಬೇಡ. ಅಮೃತಾಳ ಮೊದಲ ಕೂಸು ಎರಡನೇ ದಿನಕ್ಕೇ ಹೋಯಿತು. ಹೋದ ವರ್ಷ ಎರಡನೆಯದು ಹುಟ್ಟಿದಾಗ ನೀಲಕ್ಕ ಮೊರ ಹಿಡಿದು ಬಂದಿದ್ದಳು. ತೌಡವ್ವ ಬೇಡ ಅಂದಳು. ಬಲೂನು ಕಟ್ಟಿ, ಚೆಂದದ ಹೆಸರಿನ ಬ್ಯಾನರ್ ಹಾಕಿ ತೊಟ್ಟಿಲಿಗೆ ಹಾಕಿದರು. ಹತ್ತೊಂಬತ್ತನೇ ದಿನ ಆ ಕೂಸು ಹೋಯಿತು. ಸೋಂಕು ಎಂದು ಕಾಗದದಲ್ಲಿ ಬರೆದಿತ್ತು. ಬ್ಯಾನರ್ ಬಿಚ್ಚಿ ಮಡಚಿ ಇಡಲು ಯಾರಿಗೂ ಧೈರ್ಯವಾಗದೆ ಅದು ಏಳು ದಿನ ಗೋಡೆಯ ಮೇಲೇ ಇತ್ತು.

ಈಗ ನೀಲಕ್ಕ ಮತ್ತೆ ಬಾಗಿಲಿಗೆ ಬಂದು ನಿಂತಳು.

"ನಾ ಜಗಳಕ್ಕ ಬಂದಿಲ್ರಿ. ನೀವ ಕಣ್ಣ ಮುಂದ ಅದೀರಿ. ತೌಡ ಕೊಟ್ಟ ತಂದಿದ್ದಕ್ಕ ಉಳದೀರಿ. ಹೌದಲ್ಲೊ?"

"ನಾ ಏನೋ ಉಳದೀನ್ರಿ," ಅಂದಳು ತೌಡವ್ವ. "ಈ ಹದಿನಾರ ವರ್ಷದಾಗ ಇಂಥಾ ಹೆಸರಿನ ಕೂಸು ಹನ್ನೊಂದ ನೋಡೀನಿ. ಉಳದದ್ದ ಎಂಟು."

"ಎಂಟ ಉಳದಾವಲ್ಲ."

ಲೆಕ್ಕ ಸರಿಯಾಗಿದ್ದರೂ ಅದರಿಂದ ಇಬ್ಬರೂ ತಮಗೆ ಬೇಕಾದ ಉತ್ತರವನ್ನೇ ತೆಗೆಯಬಹುದು ಎಂದು ತೌಡವ್ವನಿಗೆ ಆಗಲೇ ಹೊಳೆದದ್ದು.

ಒಳಗಿನಿಂದ ಅಮೃತಾಳ ದನಿ ಬಂತು. ಸಣ್ಣ ದನಿ, ಆದರೆ ನಿದ್ದೆಯದಲ್ಲ. "ಅವ್ವಾ, ಮಾಡೂಣು."

ತೌಡವ್ವ ತಿರುಗಿದಳು.

"ನನಗ ನಂಬಿಕಿ ಐತಿ ಅಂತಲ್ಲಬೇ. ನಾಳೆ ಏನರ ಆತಂದ್ರ, ಇದೊಂದ ಬಿಟ್ಟಿದ್ದೆ ಅಂತ ಸಾಯೂತನಾ ಅನಕೋತ ಕುಂಡ್ರಬೇಕಾಗತೈತಿ. ಅದು ಬ್ಯಾಡ ನನಗ."

ತೌಡವ್ವ ಗಡಿಯಾರ ನೋಡಿದಳು: ಆರೂ ಹನ್ನೆರಡು. ಹೊರಗೆ ಡಿಸೆಂಬರಿನ ಥಂಡಿ. ಕಡಲೆ ಹೊಲಗಳ ಕಡೆಯಿಂದ ಗಾಳಿ. ಹಿತ್ತಲ ಬಾಗಿಲಿನಿಂದ ತಿಪ್ಪೆಗೆ ನಲವತ್ತೊಂದು ಹೆಜ್ಜೆ. ನಿನ್ನೆಯೇ ಅಳೆದಿದ್ದಳು. ಹೋಗಿ, ಇಟ್ಟು, ಗುಡಿಸಿ, ಎತ್ತಿ, ಬಂದು, ಬಾಗಿಲಲ್ಲಿ ಮಾತು ಮುಗಿಸುವ ತನಕ ಹತ್ತು ನಿಮಿಷ. ಒಂದು ಕಿಲೋ ಎಂಟುನೂರಾ ಹತ್ತು ಗ್ರಾಂ ಕೂಸು ಬರೀ ಮೊರದಲ್ಲಿ ಹತ್ತು ನಿಮಿಷ. ಉಳಿಸಲೆಂದು ಮಾಡುವ ಕೆಲಸವೇ ಒಯ್ಯಬಹುದು.

ನೀಲಕ್ಕನನ್ನು ಕೂರಿಸಿ ಮುಂದೆ ಕುಳಿತಳು.

"ನೀಲಕ್ಕಾರ, ಒಂದ ಮಾತ ಕೇಳತೀನಿ. ನೀವು ಸಂತ್ಯಾಗ ಎಮ್ಮಿ ಹಿಡೀತೀರಿ. ಹಾಲ ಕುಡಿಯೂ ಕರಾ ಒಂದನ್ನ ಬಿಡಿಸಿ ಮಾರತಾರೇನ್ರಿ?"

"ಯಾರ ಮಾರತಾರ್ರಿ ಹಂಗ? ಕರಾನೂ ಸಾಯತೈತಿ, ಎಮ್ಮಿನೂ ಒದೀತೈತಿ. ತಾಯಿ ಸಮೇತ ಮಾರೂದು."

"ಮತ್ತ ಇದು?"

ನೀಲಕ್ಕ ಮೊರ ನೋಡಿದಳು, ಒಳಗೆ ಸೊಸೆಯ ಎದೆಗೆ ಅಂಟಿದ್ದ ಟೊಪ್ಪಿಗೆಯನ್ನು ನೋಡಿದಳು.

"ತಾಯಿನ್ನ ತಿಪ್ಪಿ ಮ್ಯಾಲೆ ಕುಂದ್ರಸೂದು ನಾ ಎಲ್ಲೂ ಕೇಳಿಲ್ಲ," ಅಂದಳು ಕಡೆಗೆ.

"ಕರಾ ಬಿಡಿಸಿ ಮಾರೂದನ್ನೂ ಕೇಳಿಲ್ಲಲ್ರಿ."

ನೀಲಕ್ಕನ ತುಟಿಯ ಒಂದು ಕೊನೆ ಅಲುಗಿತು. "ಮೊರ?"

"ಅಮೃತಾ ಮೊರದ ಮ್ಯಾಲೇ ಕುಂದರತಾಳ."

"ನನ್ನ ಮೊರ ಮುರೀತೈತಿ. ಹೊಸಾದು ಕೊಡಸ್ರಿ," ಅಂದು ನೀಲಕ್ಕ ಎದ್ದಳು.

ಎತ್ತಿ ತರುವವಳು ಯಾರು ಎಂಬ ಚರ್ಚೆಯೇ ಇರಲಿಲ್ಲ. ಅಂದು ತೌಡವ್ವನನ್ನು ಎತ್ತಿ ತಂದ ಮನೆಯೇ ಇಂದೂ. ಆ ಹಿರಿಯಳು ಈಗಿಲ್ಲ. ಸೊಸೆ ಜಮೀಲಾಬಿ ಇದ್ದಾಳೆ, ಅರವತ್ತಾರು ದಾಟಿದವಳು, ಮೊಣಕಾಲು ನೋವಿನವಳು. ತಿಪ್ಪೆಯಿಂದ ತಂದ ಲೆಕ್ಕದಲ್ಲಿ ತೌಡವ್ವ ಆ ಮನೆಯ ಮಗಳು, ಜಮೀಲಾಬಿಗೆ ನಾದಿನಿ. ಪ್ರತಿ ರಂಜಾನಿಗೆ ಆ ಮನೆಯಿಂದ ಕುಬಸದ ಕಣ ಬರುವುದು ತಪ್ಪಿಲ್ಲ. ಜಮೀಲಾಬಿಯ ಮಗ ನಿಯಾಜ್ ತನ್ನ ಓಮ್ನಿಯನ್ನು ಆಗಲೇ ಓಣಿಯ ಬಾಯಿಗೆ ತಂದು ನಿಲ್ಲಿಸಿದ್ದ. ಇಂಜಿನ್ ಆರಿಸಬೇಡ ಎಂದು ತೌಡವ್ವ ಹೇಳಿದ್ದಳು.

ಆರೂ ಮೂವತ್ತೊಂದಕ್ಕೆ ಹೊರಟರು. ಅಮೃತಾಳ ಮೇಲೆ ಎರಡು ಕೌದಿ, ತಲೆಗೆ ಮಫ್ಲರ್. ತಿಪ್ಪೆಯ ಒಣಗಿದ ಅಂಚಿನಲ್ಲಿ ಮೊರ ಇಟ್ಟು, ಮಗಳನ್ನು ಅದರ ಮೇಲೆ ಮೆಲ್ಲಗೆ ಕೂರಿಸಿದಳು ತೌಡವ್ವ. ಬಿದಿರು ಸಣ್ಣಗೆ ಮುರಿದ ಸದ್ದಾಯಿತು.

"ಆರ ಮಿನಿಟ," ಜಮೀಲಾಬಿಗೆ ಹೇಳಿದಳು. "ವೈನಿ, ಆರಕ್ಕಿಂತ ಹೆಚ್ಚ ಆಗಬಾರದು."

"ನನ್ನ ಕಾಲಿಗೆ ಹೇಳ ಅದನ್ನ."

ಆಮೇಲೆ ಬೆನ್ನು ತಿರುಗಿಸಬೇಕಾಯಿತು. ಊರಿನ ಎಲ್ಲ ಕೂಸುಗಳನ್ನೂ ಕಣ್ಣಲ್ಲಿ ಕಣ್ಣಿಟ್ಟು ನೋಡಿದವಳು, ತನ್ನ ಮೊಮ್ಮಗಳನ್ನು ನೋಡದೆ ನಲವತ್ತೊಂದು ಹೆಜ್ಜೆ ನಡೆದು ಬಂದಳು. ಬಾಗಿಲೊಳಗೆ ಗೋಡೆಗೆ ಮುಖ ಮಾಡಿ ನಿಂತಳು. ಬಗಲಲ್ಲಿ ನೀಲಕ್ಕ. ಅವಳ ಕೈಯಲ್ಲಿ ತೌಡಿನ ಡಬ್ಬಿ. ಒಂದು ಬೊಗಸೆ ಎಂದು ತೌಡವ್ವ ಮನಸ್ಸಿನಲ್ಲಿ ಅಂದುಕೊಂಡಳು. ಅಪ್ಪ ಮಾಡಿದ ತಪ್ಪು ಆಗಬಾರದು. ಒಂದೇ ಬೊಗಸೆ.

ಎರಡು ನಿಮಿಷ. ಹೊರಗೆ ಕಸಬರಿಗೆಯ ಸದ್ದು.

ಮೂರನೇ ನಿಮಿಷಕ್ಕೆ ಕೂಸು ಅತ್ತಿತು. ಒಂದೇ ಸಲ, ಬೆಕ್ಕಿನ ಮರಿಯ ಹಾಗೆ. ಆಮೇಲೆ ಇಲ್ಲ.

"ಯಾಕ ಸುಮ್ಮನಾತು?" ತೌಡವ್ವ ಕೇಳಿದಳು.

"ತಿರಗಬ್ಯಾಡ್ರಿ," ನೀಲಕ್ಕ ಅವಳ ರಟ್ಟೆ ಹಿಡಿದಳು. ಆ ಕೈಯೂ ತಣ್ಣಗಿತ್ತು. ಒಂಬತ್ತು ಎಮ್ಮೆಯನ್ನು ಹಗ್ಗದಲ್ಲಿ ಹಿಡಿಯುವ ಕೈ.

ನಾಲ್ಕು. ಐದು. ಕಸಬರಿಗೆಯ ಸದ್ದು ನಿಂತಿತು. ಹೆಜ್ಜೆಯ ಸದ್ದು ಮಾತ್ರ ಬರಲಿಲ್ಲ. ಚಳಿಗೆ ಸುಸ್ತಾದ ಸಣ್ಣ ಕೂಸು ಅಳುವುದಿಲ್ಲ, ಸುಮ್ಮನಾಗುತ್ತದೆ ಎಂದು ಊರಿನ ಬಸುರಿಯರಿಗೆಲ್ಲ ಪಾಠ ಹೇಳಿದವಳು ಅವಳೇ. ಹೇಳಿದ ಮಾತುಗಳೆಲ್ಲ ಈಗ ಅವಳ ಕಿವಿಯಲ್ಲೇ ಕುಳಿತು ಅವಳಿಗೇ ಹೇಳತೊಡಗಿದವು. ಆರು. ಓಮ್ನಿಯ ಇಂಜಿನ್ ಎಲ್ಲೋ ದೂರದಲ್ಲಿ ಗುರುಗುಟ್ಟುತ್ತಿತ್ತು. ಏಳು.

"ನಾ ಹೋಗತೀನಿ."

"ಬಂದ್ರು. ಬಂದ್ರು, ತಡೀರಿ."

ಎಂಟನೇ ನಿಮಿಷಕ್ಕೆ ಜಮೀಲಾಬಿ ಏದುಸಿರು ಬಿಡುತ್ತ ಬಾಗಿಲಿಗೆ ಬಂದಳು. ಅಮೃತಾಳ ಸೆರಗಿನ ತುದಿಯನ್ನು ಎಮ್ಮೆಯ ಹಗ್ಗದಂತೆ ಕೈಗೆ ಸುತ್ತಿಕೊಂಡಿದ್ದಳು.

"ತಿಪ್ಪ್ಯಾಗ ಸಿಕ್ಕಾವ್ರಿ ಇವೆರಡು. ಬೇಕೇನು? ಏನ ಕೊಡತೀರಿ?"

ತೌಡವ್ವ ತಿರುಗಿದಳು. ಕೌದಿಯ ಸಂದಿನಲ್ಲಿ ಟೊಪ್ಪಿಗೆಯಷ್ಟೇ ಕಂಡಿತು, ಅದು ಅಲುಗುತ್ತಿರಲಿಲ್ಲ. ಬೊಗಸೆ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಬಾಯಿ ತೆರೆದಾಗ ಬೇರೆಯದೇ ಬಂತು.

"ಎರಡೂವರೆ ಸೇರು."

ಓಣಿಯಲ್ಲಿ ನಿಂತಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಅಂದಿದ್ದಳು. ನೀಲಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಅಮೃತಾ ಕೂಸಿನ ಟೊಪ್ಪಿಗೆಯ ಮೇಲೆ ಕೈ ಮುಚ್ಚಿದಳು. ಬೇಡವಾದದ್ದೆಂದು ನಟಿಸಬೇಕಾದ ಕೂಸಿಗೆ, ಬೆಳಗಿನ ಹೊತ್ತು, ಹೊಸ್ತಿಲ ಮೇಲೆ, ತುಂಬಿದ ಬೆಲೆ. ಮಾತು ಬಾಯಿಂದ ಬಿದ್ದಾಗಿತ್ತು. ತೌಡಿನಂತೆ ಗೋರಿ ಮತ್ತೆ ಡಬ್ಬಿಗೆ ತುಂಬುವ ಹಾಗಿರಲಿಲ್ಲ.

ಜಮೀಲಾಬಿ ಮೊಣಕಾಲು ತಿಕ್ಕಿಕೊಂಡಳು. ತೌಡವ್ವನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಸಂತೆಯ ದಲಾಲಿಯ ದನಿಯಲ್ಲಿ ಕೇಳಿದಳು: "ಅದು ಎಮ್ಮಿ ಬೆಲಿ ಆತ್ರಿ. ಕರಾಕ್ಕ ಏನ ಕೊಡತೀರಿ?"

ಯಾರಿಗೂ ತಕ್ಷಣ ತಿಳಿಯಲಿಲ್ಲ. ಮೊದಲು ತಿಳಿದದ್ದು ನೀಲಕ್ಕನಿಗೆ. ಸೆರಗು ಬಾಯಿಂದ ಇಳಿಯಿತು.

"ಕರಾಕ್ಕ ಯಾರ ಕೊಡತಾರಬೇ?" ಅಂದಳು. ವ್ಯಾಪಾರ ಅವಳ ಹುಟ್ಟುಗುಣ. "ಎಮ್ಮಿ ತಗೊಂಡ್ರ ಕರಾ ಪುಕ್ಕಟ. ಯಾವ ಸಂತ್ಯಾಗರ ಕೇಳ ಹೋಗು."

"ಒಂದ ಬೊಗಸಿನೂ ಇಲ್ಲ?"

"ಒಂದ ಚಿಟಿಗಿನೂ ಇಲ್ಲ. ಬ್ಯಾಡಂದ್ರ ತಿರಗಿ ಒಯ್ಯಿ ತಿಪ್ಪಿಗೆ."

"ನನ್ನ ಕಾಲಿಗೆ ಆಗೂದಿಲ್ಲ. ತಗೋರಿ," ಅಂದು ಜಮೀಲಾಬಿ ಸೆರಗಿನ ತುದಿಯನ್ನು ತೌಡವ್ವನ ಕೈಗೆ ಕೊಟ್ಟು, ಉಡಿಯೊಡ್ಡಿದಳು. ನೀಲಕ್ಕ ಡಬ್ಬಿಯಲ್ಲಿದ್ದ ಅಷ್ಟೂ ತೌಡನ್ನು ಸುರುವಿದಳು.

ತೌಡವ್ವನಿಗೆ ಇದ್ಯಾವುದೂ ಪೂರ್ತಿ ಕೇಳಿಸಿರಲಿಲ್ಲ. ಮಗಳನ್ನು ಒಳಗೆ ಎಳೆದುಕೊಂಡು ಬಾಗಿಲು ಮುಚ್ಚಿ, ಕೌದಿಯೊಳಗೆ ಕೈ ಹಾಕಿದ್ದಳು. ಕಾಲುಚೀಲದೊಳಗೂ ಕೂಸಿನ ಅಂಗಾಲು ತಣ್ಣಗಿತ್ತು. ಹೊಟ್ಟೆ? ಕೈ ಮರಗಟ್ಟಿದ್ದರಿಂದ ತಿಳಿಯಲಿಲ್ಲ. ಥರ್ಮಾಮೀಟರ್ ಇಟ್ಟಳು. ಈ ಸಲ ಎಣಿಸಲಿಲ್ಲ, ಎಣಿಕೆಯೇ ಮರೆತಿತ್ತು. ಅದು ಕೂಗಿದಾಗ ಬೆಳಕಿಗೆ ಹಿಡಿದಳು.

ತೊಂಬತ್ತೇಳು ಪಾಯಿಂಟ್ ಒಂದು.

"ಎಷ್ಟಬೇ?" ಅಮೃತಾ ಕೇಳಿದಳು.

"ಹಾಲ ಹಿಡಿ," ಅಂದಳು ತೌಡವ್ವ. "ಮೊದಲ ಹಾಲ ಹಿಡಿ."

ಗಂಡ ಮಡಿವಾಳೆಪ್ಪ ಬಿಸಿನೀರಿನ ತಂಬಿಗೆ, ಒಣ ಕೌದಿ ತಂದು ಕೊಟ್ಟು ಹೊರಗೆ ಹೋದ. ಕೂಸು ತುಟಿ ಆಡಿಸಿತು, ಬಿಟ್ಟಿತು. ಮತ್ತೆ ಆಡಿಸಿತು. ನೀಲಕ್ಕ ಸೊಸೆಯ ಕಾಲ ಬುಡದಲ್ಲಿ ಕುಳಿತು ಅವಳ ಪಾದಗಳನ್ನು ತನ್ನ ಅಂಗೈಯಲ್ಲಿ ತಿಕ್ಕತೊಡಗಿದಳು. ಬಹಳ ಹೊತ್ತಿನ ಮೇಲೆ ಕೂಸು ಚೀಪುವ ಸದ್ದು ತಿಕ್ಕುವ ಸದ್ದಿನ ಜೊತೆ ಸೇರಿತು. ಏಳೂ ಹದಿನೈದಕ್ಕೆ ಮತ್ತೆ ನೋಡಿದಾಗ ತೊಂಬತ್ತೇಳು ಪಾಯಿಂಟ್ ಒಂಬತ್ತು. ತೌಡವ್ವ ಹೊರಗೆ ಹೋಗಿ ನಿಯಾಜ್‌ಗೆ ಇಂಜಿನ್ ಆರಿಸಲು ಹೇಳಿ, ಅಲ್ಲೇ ಓಮ್ನಿಯ ಬಾಗಿಲಿಗೆ ಒರಗಿ ಸ್ವಲ್ಪ ಹೊತ್ತು ನಿಂತಳು.

ಹೆಸರಿನ ಮಾತು ಬಂದದ್ದು ಚಹಾ ಕುಡಿಯುವಾಗ.

"ಹಕ್ಕ ನಂದೈತಿ," ಅಂದಳು ಜಮೀಲಾಬಿ ಬಶಿಯಲ್ಲಿ ಚಹಾ ಆರಿಸುತ್ತ. "ಕೊಟ್ಟ ಬೆಲಿಗೆ ತಕ್ಕ ಹೆಸರು. ಪುಕ್ಕಟವ್ವ."

ಹದಿಮೂರು ದಿನದಲ್ಲಿ ಮೊದಲ ಸಲ ಅಮೃತಾ ನಕ್ಕಳು. ಎದೆ ಕುಲುಕಿ ಕೂಸು ಕೊಸರಾಡಿತು.

ತೌಡವ್ವ ನಗಲಿಲ್ಲ. "ಸಾಲ್ಯಾಗ ಏನಂತಾರ ಗೊತ್ತೈತೇನು ಇದಕ್ಕ? ನನಗ ಗೊತ್ತೈತಿ."

"ಏನರ ಅನ್ನಲೇಳಬೇ," ಅಮೃತಾ ಅಂದಳು. "ಸಾಲಿಗೆ ಹೋಗೂ ಅಷ್ಟ ದೊಡ್ಡದಾಗಲಿ. ಅಂದಾಗ ಏನ ತಿರಗಿ ಅನ್ನಬೇಕು ಅಂತ ಕಲಸಾಕ ನೀ ಇರತೀಯಲ್ಲ."

ಜನನದ ದಾಖಲೆಯಲ್ಲಿ ಹೆಸರಿನ ಜಾಗ ಖಾಲಿ ಬಿಡಬಹುದು. ಒಂದು ವರ್ಷದೊಳಗೆ ಬರೆಸಿದರೆ ದಂಡವಿಲ್ಲ. ಇದನ್ನು ಊರಿಗೆಲ್ಲ ಹೇಳಿಕೊಟ್ಟವಳು ತೌಡವ್ವನೇ. ತನ್ನ ಮೊಮ್ಮಗಳ ಜಾಗವನ್ನೂ ಖಾಲಿ ಬಿಡಿಸಿದಳು.

ಹತ್ತೊಂಬತ್ತನೇ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ತೌಡವ್ವ ಹನ್ನೆರಡು ಸಲ ಥರ್ಮಾಮೀಟರ್ ಇಟ್ಟಳು. ಇಪ್ಪತ್ತನೇ ದಿನ ಬೆಳಗಾಯಿತು. ಇಪ್ಪತ್ತೆಂಟನೇ ದಿನ ಜೋಲಿ ತಕ್ಕಡಿಯಲ್ಲಿ ಕೂಸು ಎರಡು ಕಿಲೋ ನೂರಾ ನಲವತ್ತು ಗ್ರಾಂ ತೂಗಿತು. ಫೋನಿನಲ್ಲಿ ಅದನ್ನು ಕೇಳಿದ ನೀಲಕ್ಕ, ಪುಕ್ಕಟ ಬಂದದ್ದು ಚೊಲೋ ಮೇಯಾಕತ್ತೈತಿ ಅಂದಳಂತೆ.

ಈಗ ಪುಕ್ಕಟವ್ವನಿಗೆ ಹನ್ನೊಂದು ತಿಂಗಳು. ಗೋಡೆ ಹಿಡಿದು ನಿಲ್ಲುತ್ತಾಳೆ. ದಾಖಲೆಯ ಜಾಗ ಇನ್ನೂ ಖಾಲಿ, ಇನ್ನೊಂದು ತಿಂಗಳಿದೆ. ನೀಲಕ್ಕ ಅವಸರ ಬೇಡ ಅನ್ನುತ್ತಾಳೆ. ಅಮೃತಾ ದಿನಕ್ಕೊಂದು ಹೆಸರು ಹುಡುಕಿ ದಿನಕ್ಕೊಂದು ಬಿಡುತ್ತಾಳೆ. ತೌಡವ್ವನ ಮನಸ್ಸಿನಲ್ಲಿ ಒಂದು ಹೆಸರಿದೆ. ಒಮ್ಮೆ ಅಕ್ಕಿಯ ಮೇಲೆ ಬರೆದು ಅಳಿಸಿದ್ದು. ಯಾರಿಗೂ ಹೇಳಿಲ್ಲ.

ನೀಲಕ್ಕ ಬಂದಾಗೆಲ್ಲ ಒಂದು ಪ್ರಶ್ನೆ ಕೇಳದೆ ಹೋಗುವುದಿಲ್ಲ: "ಒಂದ ಬೊಗಸಿ ಅನ್ನೂದ ಬಿಟ್ಟು ಅಷ್ಟ ಯಾಕ ಅಂದ್ರಿ ಬೀಗತೇರ? ಜೀವಾನ ಹಾರಿ ಹೋಗಿತ್ತ ನಂದು." ತೌಡವ್ವ ಚಹಾಕ್ಕೆ ಸಕ್ಕರೆ ಹಾಕಲು ಎದ್ದು ಹೋಗುತ್ತಾಳೆ. ಅವಳ ನೋಟ್‌ಬುಕ್ಕಿನಲ್ಲಿ ಆ ದಿನದ ಪುಟದಲ್ಲಿ ಹೊತ್ತು, ಮೈಬಿಸಿ, ತೂಕ ಎಲ್ಲ ಕ್ರಮವಾಗಿ ಇವೆ. ಎಲ್ಲಕ್ಕಿಂತ ಕೆಳಗೆ, ಯಾವ ಸಾಲಿಗೂ ಸೇರದ ಹಾಗೆ, ಬಾಗಿಲಲ್ಲಿ ನಿಂತು ತಾನು ಹೇಳಿದ್ದನ್ನೂ ಬರೆದಿಟ್ಟಿದ್ದಾಳೆ: ಎರಡೂವರೆ ಸೇರು.